ನನ್ನ ಮನೋಬಲದ ನಲವತ್ತೊಂದು ಕಿಲೋ

ಈ ವರ್ಷ, ತಿಂಗಳ ಉಪವಾಸ ಮುಗಿಸುವ ರಾಯಾ ಹಬ್ಬಕ್ಕೆ ಒಂದು ವಾರ ಇರುವಾಗ ನಾನು ಕನ್ನಡಿಯ ಮುಂದೆ ನಿಂತು ಒಂದು ಘೋರ ಪ್ರತಿಜ್ಞೆ ಮಾಡಿದೆ. ಹಬ್ಬದ ದಿನ ನೆಂಟರ ಏಳು ಮನೆಗೆ ಹೋಗುತ್ತೇನೆ. ಏಳು ಮನೆಯಲ್ಲೂ ರೆಂಡಾಂಗ್ ಮಾಂಸ, ಲಕ್ಸಾ ಶಾವಿಗೆ, ಪದರ ಕೇಕುಗಳ ನಡುವೆ ನಿರ್ಲಿಪ್ತನಾಗಿ ಕೂರುತ್ತೇನೆ. ತಿಂದು ತಿಂದು ಉಬ್ಬುತ್ತಿರುವ ನನ್ನ ಬಂಧುವರ್ಗಕ್ಕೆ ಮನೋಬಲ ಎಂದರೇನು ಎಂಬುದನ್ನು ಕಣ್ಣಾರೆ ತೋರಿಸಿಯೇ ಬರುತ್ತೇನೆ!

"ನಿಮ್ಮ ಮನೋಬಲಕ್ಕೆ ಡಾಕ್ಟರು ಪಿನ್ನು ಹೊಡೆದು ಕಳಿಸಿದ್ದಾರೆ," ಎಂದಳು ಹಿಂದಿನಿಂದ ನನ್ನ ಹೆಂಡತಿ ಸಾಪಿಯಾ. "ಜಾಸ್ತಿ ಉಬ್ಬಬೇಡಿ, ಬಿಚ್ಕೊಂಡೀತು."

ಇಲ್ಲೊಂದು ಗುಟ್ಟನ್ನು ನಿಮ್ಮ ಕಿವಿಗೆ ಹಾಕಿಬಿಡುತ್ತೇನೆ. ಏಳು ತಿಂಗಳ ಹಿಂದೆ ನಾನು ಕಚೇರಿಯಲ್ಲಿ "ನಕ್ಷೆ ತರಬೇತಿ" ಎಂದು ಸುಳ್ಳು ಹೇಳಿ ನಮ್ಮೂರು ಕೂಚಿಂಗ್‌ನಿಂದ ವಿಮಾನ ಹತ್ತಿದೆ. ಸಮುದ್ರ ದಾಟಿ ಕೌಲಾಲಂಪುರಕ್ಕೆ ಹೋಗಿ, ಹೊಟ್ಟೆಯ ಚೀಲದ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆಸಿ, ಉಳಿದದ್ದಕ್ಕೆ ಪಿನ್ನು ಹೊಡೆಸಿಕೊಂಡು ಬಂದೆ. ಉಳಿದಿರುವುದು ಒಂದು ಬಾಳೆಹಣ್ಣಿನ ಗಾತ್ರ, ಅದೂ ಬಡಕಲು ಬಾಳೆಹಣ್ಣು. ನೂರಾ ಇಪ್ಪತ್ತಾರು ಕಿಲೋ ಇದ್ದವನು ಎಂಬತ್ತೈದಕ್ಕೆ ಇಳಿದೆ. ಈ ಆಪರೇಷನ್ ವಿಷಯ ಗೊತ್ತಿದ್ದದ್ದು ಸಾಪಿಯಾಳಿಗೆ ಮಾತ್ರ. ಬಾಯಿ ಬಿಡುವುದಿಲ್ಲ ಎಂದು ಆಣೆ ಹಾಕಿಸಿಕೊಂಡಿದ್ದೆ. ಊರಿಗೆಲ್ಲ ನಾನು ಹೇಳಿದ್ದು ಬೇರೆಯೇ: "ಏನಿಲ್ಲ, ಮನಸ್ಸು ಮಾಡಿದೆ. ಬಾಯಿಗೆ ಬೀಗ ಹಾಕಿದೆ. ಅಷ್ಟೇ!"

ಯಾಕೆ ಈ ಸುಳ್ಳು ಎಂದು ಕೇಳುತ್ತೀರಾ? ಇಪ್ಪತ್ತಾರು ವರ್ಷಗಳಿಂದ ನಾನು ಅತ್ತೆ ಮನೆಯವರ ನಗೆಪಾಟಲಿನ ಸ್ವತ್ತು. ನಮ್ಮ ಮದುವೆಯ ದಿನ ಮಂಟಪದಲ್ಲಿ ರಾಜ ರಾಣಿಯರ ಹಾಗೆ ಜೋಡಿ ಕುರ್ಚಿಯಲ್ಲಿ ಕೂತಿದ್ದಾಗ, ನನ್ನ ಕುರ್ಚಿಯ ಹಿಂದಿನ ಎರಡು ಕಾಲು ಒಟ್ಟಿಗೆ ಮುರಿದಿದ್ದವು. ನಾಲ್ಕು ಜನ ಸೇರಿ ನನ್ನನ್ನು ಎತ್ತುತ್ತಿದ್ದರೆ ಅತ್ತೆ ಜಮಾಯಾ ತುಂಬಿದ ಸಭೆಯಲ್ಲಿ, "ಮಗಳೇ, ನೀನು ಕಟ್ಕೊಂಡಿದ್ದು ಗಂಡನ್ನಲ್ಲ, ಹಡಗನ್ನ!" ಎಂದುಬಿಟ್ಟರು. ಅಂದಿನಿಂದ ಆ ಮನೆಯಲ್ಲಿ ನಾನು ಬೊಲ್ಹಸನ್ ಅಲ್ಲ, ಹಡಗು. "ಹಡಗು ಬಂತು, ಅನ್ನದ ಪಾತ್ರೆ ದೊಡ್ಡದಿಡಿ!" ಎಂದು ನನ್ನ ಬಾಮೈದ ಮೊರ್ಶಿದಿ ಬಾಗಿಲಲ್ಲೇ ಕೂಗುತ್ತಿದ್ದ. ಅವನೇನು ಗರಿಯಷ್ಟು ಹಗುರವೇ? ಅವನು ದೋಣಿ ಹತ್ತಿದರೆ ಮೀನುಗಳು ನದಿಯ ಆಚೆ ದಡಕ್ಕೆ ಹೋಗುತ್ತವೆ!

ತೂಕ ಇಳಿದದ್ದೇ ತಡ, ಆ ಮನೆಯ ಗಾಳಿಯೇ ತಿರುಗಿತು. ಹಡಗು ಎನ್ನುವ ಮಾತು ನಿಂತುಹೋಯಿತು. ಮೊರ್ಶಿದಿ ನನ್ನ ಉಪದೇಶಗಳನ್ನು ತಲೆತಗ್ಗಿಸಿ ಕೇಳಿ, "ನೀವು ಹೇಳಿದ್ದೇ ಸರಿ ಬಾವ," ಎನ್ನತೊಡಗಿದ. ಅತ್ತೆ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಮಗಾ, ಹೇಗಿದ್ದೀಯ?" ಎಂದು ಮೃದುವಾಗಿ ಕೇಳತೊಡಗಿದರು. ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಬಾರಿಗೆ 'ಮಗಾ'! ಕಚೇರಿಯಲ್ಲಂತೂ ಸಾಹೇಬರೇ ನನ್ನ ಮೇಜನ್ನು ಲಿಫ್ಟಿನ ಪಕ್ಕಕ್ಕೆ ಹಾಕಿಸಿ, "ನೀವು ಮೆಟ್ಟಿಲು ಹತ್ತಬೇಡಿ," ಎಂದರು. ಸಾಧನೆಗೆ ಸಿಗುವ ಗೌರವ ಅಂದರೆ ಇದು ಎಂದುಕೊಂಡೆ. ಆಪರೇಷನ್ ವಿಷಯ ಹೊರಬಿದ್ದರೆ ಈ ಗೌರವವೆಲ್ಲ ಒಂದೇ ದಿನದಲ್ಲಿ ಕರಗಿ ನಾನು ಮತ್ತೆ ಹಡಗೇ. ಅದಕ್ಕೇ ಈ ಹಬ್ಬ ದಾಟುವವರೆಗೆ ಗುಟ್ಟು ಗುಟ್ಟಾಗಿ ಉಳಿಯಲೇಬೇಕಿತ್ತು.

ಗುಟ್ಟು ಕಾಯುವುದು ಸುಲಭವಿರಲಿಲ್ಲ. ಆಸ್ಪತ್ರೆಯಲ್ಲಿ ಕಡ್ಡಿಯಂಥ ಒಬ್ಬ ಆಹಾರತಜ್ಞೆ ಇದ್ದಳು. ಜನ್ಮದಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಂಡವಳಲ್ಲ. ಅವಳು ನನಗೆ ಊಟ ಮಾಡುವುದನ್ನು ಕಲಿಸಿದಳು! ಒಂದು ತುತ್ತಿಗೆ ಮೂವತ್ತು ಸಲ ಅಗಿಯಬೇಕು. ಮೊದಲು ಮೀನು ಮೊಟ್ಟೆ, ಜಾಗ ಉಳಿದರೆ ಅನ್ನ. ಊಟದ ಜೊತೆ ನೀರು ಕೂಡದು.

"ಸಿಹಿ ಮಾತ್ರ ಮುಟ್ಲೇಬೇಡಿ ಅಂಕಲ್," ಎಂದಿದ್ದಳು. "ನಿಮ್ಮ ಹೊಟ್ಟೆ ಈಗ ಸಿಹೀನ ತಡೆದು ಇಟ್ಕೊಳ್ಳಲ್ಲ, ಒಂದೇ ಸಲ ಕೆಳಗೆ ತಳ್ಳಿಬಿಡುತ್ತೆ. ಎದೆ ಡವಡವ, ಮೈಯೆಲ್ಲ ಬೆವರು, ಕಣ್ಣು ಕತ್ತಲೆ. ಸತ್ತೇ ಹೋದೆ ಅನ್ಸುತ್ತೆ."

"ಸಾಯ್ತೀನಾ?"

"ಸಾಯಲ್ಲ. ಅನ್ಸುತ್ತೆ ಅಷ್ಟೇ. ಅರ್ಧ ಗಂಟೆ ಮಲಗಿದ್ರೆ ಸರಿಹೋಗುತ್ತೆ."

ಇನ್ನು ಈ ಹೊಸ ದೇಹದ ವರ್ತನೆ! ಹೊಟ್ಟೆ ತುಂಬಿದರೆ ಮೊದಲೆಲ್ಲ ಡೊಳ್ಳಿನಂಥ ತೇಗು ಬರುತ್ತಿತ್ತು, ಈಗ ಸೀನು ಬರುತ್ತದೆ. ಸರಿಯಾಗಿ ಮೂರು ಸೀನು, ಅಲ್ಲಿಗೆ ಊಟ ಮುಕ್ತಾಯ. ಕೊಬ್ಬು ಹೋಯಿತು, ಚರ್ಮ ಹೋಗಲಿಲ್ಲ. ಬಾಡಿಗೆದಾರರು ಖಾಲಿ ಮಾಡಿದ ಮನೆಯ ಪರದೆಯ ಹಾಗೆ ಅದು ಸೊಂಟದ ಸುತ್ತ ನೇತಾಡುತ್ತಿದೆ. ಕೂಚಿಂಗ್‌ನ ಈ ಸೆಕೆಯಲ್ಲಿ ಊರೆಲ್ಲ ಬೆವರುತ್ತಿದ್ದರೆ ನಾನೊಬ್ಬ ಸ್ವೆಟರ್ ಹಾಕಿಕೊಂಡು ನಡುಗುತ್ತೇನೆ. ನೆಲದ ಮೇಲೆ ಕೂತರೆ ಎಲುಬು ಚುಚ್ಚುತ್ತದೆ. ನನಗೂ ಕುಂಡಿಯಲ್ಲಿ ಎಲುಬುಗಳಿವೆ ಎಂದು ಐವತ್ತೊಂದನೇ ವಯಸ್ಸಿನಲ್ಲಿ ತಿಳಿಯಿತು! ಬಾಚಣಿಗೆ ತುಂಬ ಕೂದಲು ಬರುತ್ತದೆ. ಮದುವೆಯ ಉಂಗುರ ಎರಡು ಸಲ ಮೀನು ಸಾರಿನಲ್ಲಿ ಬಿದ್ದ ಮೇಲೆ ಸಾಪಿಯಾ ಅದಕ್ಕೆ ದಾರ ಸುತ್ತಿ ಕೊಟ್ಟಳು.

"ಹೇಳಿಬಿಡಿ ಎಲ್ಲರಿಗೂ," ಎಂದು ಅವಳು ದಿನಕ್ಕೊಂದು ಸಲ ಹೇಳುತ್ತಿದ್ದಳು. "ಆಪರೇಷನ್ ಮಾಡಿಸ್ಕೊಂಡ್ರೆ ತಪ್ಪೇನಿದೆ? ನಿಮ್ಮ ಮಂಡಿ ನೋವು ಹೋಯ್ತು, ಸಕ್ಕರೆ ಕಾಯಿಲೆ ಹೋಯ್ತು. ಗೊರಕೆ ಹೋಗಿ ನನಗೆ ನಿದ್ದೆ ಬಂತು. ಆ ಡಾಕ್ಟರಿಗೆ ನಾನು ದಿನಾ ಒಳ್ಳೇದು ಬೇಡ್ಕೊಳ್ತೀನಿ. ನಿಮಗ್ಯಾಕೆ ನಾಚಿಕೆ?"

"ಮೊರ್ಶಿದಿ ನಗ್ತಾನೆ."

"ಅವನು ನಕ್ಕರೆ ನಿಮ್ಮ ಗಂಟೇನು ಹೋಗುತ್ತೆ?"

ಹೆಂಗಸರಿಗೆ ಗಂಡಸಿನ ಮರ್ಯಾದೆ ಎಲ್ಲಿ ಅರ್ಥವಾಗುತ್ತದೆ!

ನನ್ನ ಯೋಜನೆಗೆ ದೊಡ್ಡ ತೊಡಕೆಂದರೆ ಕೆಂಪುನನ್ ಎಂಬ ದೋಷ. ನಮ್ಮ ಕಡೆ, ಎದುರಿಗೆ ಇಟ್ಟ ತಿಂಡಿಯನ್ನು ಮುಟ್ಟದೆ ಎದ್ದುಹೋದವನಿಗೆ ಕೆಂಪುನನ್ ತಗಲುತ್ತದೆ. ಅವನು ದಾರಿಯಲ್ಲಿ ಬೀಳುತ್ತಾನೆ, ಶತಪದಿ ಕಚ್ಚುತ್ತದೆ, ನದಿಯ ಹತ್ತಿರ ಹೋದರೆ ಮೊಸಳೆಯೇ ಬರುತ್ತದೆ. ಕಾಲೇಜು ಓದಿದವರೂ ನಗುತ್ತಲೇ ಇದನ್ನು ಪಾಲಿಸುತ್ತಾರೆ. ಆದರೆ ತಿನ್ನಲಾಗದವನಿಗೆ ಒಂದು ದಾರಿಯೂ ಇದೆ. ತಿಂಡಿಗೆ ಬೆರಳ ತುದಿ ಮುಟ್ಟಿಸಿ, ಆ ಬೆರಳನ್ನು ನಾಲಿಗೆಗೆ ಮುಟ್ಟಿಸಿದರೆ ಸಾಕು. ಕೆಂಪುನನ್ ಇಲ್ಲ, ಮನೆಯವರಿಗೂ ಬೇಸರವಿಲ್ಲ.

ನಾನು ತೊಡೆ ತಟ್ಟಿದೆ. (ತೊಡೆಯ ಚರ್ಮ ಐದು ನಿಮಿಷ ಅಲುಗಾಡುತ್ತಿತ್ತು.) ಏಳು ಮನೆಯನ್ನೂ ಒಂದೇ ಬೆರಳಿನಿಂದ ಗೆಲ್ಲುತ್ತೇನೆ!

ಹಬ್ಬದ ಬೆಳಿಗ್ಗೆ ನಾಲ್ಕು ಕಾರುಗಳಲ್ಲಿ ನಮ್ಮ ಬಂಧುವರ್ಗದ ದಂಡು ಹೊರಟಿತು. ಈ ವರ್ಷ ಎಲ್ಲರಿಗೂ ಪಿಸ್ತಾ ಹಸಿರು ಬಟ್ಟೆ. ನನ್ನ ಅಳತೆ ಕೊಟ್ಟದ್ದು ಎರಡು ತಿಂಗಳ ಹಿಂದೆ, ಆಮೇಲೂ ನಾನು ಇಳಿದಿದ್ದೆ. ಅಂಗಿ ಮಂಡಿಯವರೆಗೆ ಬಂದಿತ್ತು, ಕಪ್ಪು ಟೋಪಿ ಕಿವಿಯ ಮೇಲೆ ಕೂತಿತ್ತು, ಸೊಂಟಕ್ಕೆ ಸುತ್ತಿದ ಜರಿ ಬಟ್ಟೆಯನ್ನು ಐದು ಪಿನ್ನುಗಳು ಹಿಡಿದುಕೊಂಡಿದ್ದವು.

"ಅಣ್ಣನ ಬಟ್ಟೆ ಹಾಕ್ಕೊಂಡು ಬಂದ ತಮ್ಮನ ಥರ ಕಾಣ್ತೀರಿ," ಎಂದಳು ಸಾಪಿಯಾ.

"ಸಡಿಲ ಇರಲಿ. ಎಷ್ಟು ಇಳಿದಿದ್ದೇನೆ ಅಂತ ಜನಕ್ಕೆ ಗೊತ್ತಾಗಬೇಕು!"

ಜನಕ್ಕೆ ಗೊತ್ತಾಯಿತು. ಮೊದಲ ಮನೆಯಲ್ಲಿ ಚಿಕ್ಕಪ್ಪ ನನ್ನನ್ನು ನೋಡಿ ಎದ್ದು ನಿಂತು, ತಮ್ಮ ಸೋಫಾ ಬಿಟ್ಟುಕೊಟ್ಟು, ಬೆನ್ನಿಗೆ ದಿಂಬು ಕೊಟ್ಟರು. ಎಂಬತ್ತು ವರ್ಷದ ಮುದುಕರು! ನಾನು ಕಾಲ ಮೇಲೆ ಕಾಲು ಹಾಕಿ ಕೂತು ಉಪದೇಶ ಶುರುಮಾಡಿದೆ. "ನೋಡಿ ಚಿಕ್ಕಪ್ಪ, ನಾಲಿಗೆ ಅನ್ನೋದು ಮೂರಿಂಚಿನ ಮಾಂಸ. ಅದನ್ನ ಆಳೋಕೆ ಆಗದವನು ಮನೇನ ಏನು ಆಳ್ತಾನೆ?" ತಟ್ಟೆ ತುಂಬ ಲಕ್ಸಾ ಹಾಕಿಕೊಂಡಿದ್ದ ಮೊರ್ಶಿದಿಯ ಕಡೆ ನೋಡುತ್ತಲೇ ಹೇಳಿದೆ. ಹಿಂದಿನ ಮೊರ್ಶಿದಿಯಾಗಿದ್ದರೆ ಆ ಲಕ್ಸಾ ನನ್ನ ಟೋಪಿಯಲ್ಲಿರುತ್ತಿತ್ತು. ಈಗ ಅವನು ನಿಟ್ಟುಸಿರು ಬಿಟ್ಟು ಚಮಚ ಕೆಳಗಿಟ್ಟ.

"ನಿಜ ಬಾವ. ಹೇಳಿ, ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಿಬಿಡಿ."

ನಾನು ಹೇಳಿದೆ! ಎರಡನೇ ಮನೆಯಲ್ಲಿ ಹೇಳಿದೆ, ಮೂರನೇ ಮನೆಯಲ್ಲೂ ಹೇಳಿದೆ. ಉಪದೇಶದ ನಡುವೆ ಬೆರಳು ತನ್ನ ಕೆಲಸ ಮಾಡುತ್ತಿತ್ತು. ಕೇಕಿಗೆ ಒಂದು ಮುಟ್ಟು, ಬಿಸ್ಕತ್ತಿಗೆ ಒಂದು ಮುಟ್ಟು, ಹಲ್ವಕ್ಕೆ ಒಂದು ಮುಟ್ಟು, ಒಂದೊಂದಕ್ಕೂ ಒಂದು ನೆಕ್ಕು. ನಾಲ್ಕನೇ ಮನೆಯಿಂದ ಹೊರಡುವಾಗ ಮೊರ್ಶಿದಿ ನನ್ನನ್ನು ಮಾವಿನ ಮರದ ಕೆಳಗೆ ಕರೆದೊಯ್ದ.

"ಬಾವ, ಹನ್ನೆರಡು ವರ್ಷದ ಹಿಂದೆ ನಿಮ್ಮ ಗಾಳದ ಕೋಲು ಮುರಿದದ್ದು ನಾನೇ. ಮನಸ್ಸಲ್ಲಿ ಇಟ್ಕೋಬೇಡಿ."

"ಹೋಗಲಿ ಬಿಡು."

"ಇನ್ನೊಂದು ಮಾತು... ನಿಮ್ಮ ಆ ದೋಣಿ ಎಂಜಿನ್ನು. ಅದನ್ನ ಯಾರಿಗೆ ಅಂತ ಯೋಚನೆ ಮಾಡಿದ್ದೀರಾ?"

"ಯಾರಿಗೂ ಇಲ್ಲ. ನಾನೇ ಓಡಿಸ್ತೀನಿ. ಇನ್ನೂ ಇಪ್ಪತ್ತು ವರ್ಷ ಓಡಿಸ್ತೀನಿ!"

ಅವನು ಕಣ್ಣು ಒರೆಸಿಕೊಂಡು, "ಆಗಲಿ ಬಾವ, ಧೈರ್ಯವಾಗಿರಿ," ಎಂದ. ಹೊಟ್ಟೆಕಿಚ್ಚಿಗೆ ಕಣ್ಣೀರೂ ಬರುತ್ತದೆಂದು ನನಗೆ ಅಂದೇ ತಿಳಿದದ್ದು.

ಆರು ಮನೆ ಮುಗಿಯುವಷ್ಟರಲ್ಲಿ ನನ್ನ ಗಣಿತಜ್ಞಾನದ ದೊಡ್ಡ ಲೋಪವೊಂದು ಬೆಳಕಿಗೆ ಬಂತು. ಮನೆಗೆ ಹನ್ನೆರಡು ಬಗೆ ತಿಂಡಿ, ಆರು ಮನೆ. ಎಪ್ಪತ್ತೆರಡು ನೆಕ್ಕು! ಬಾಳೆಹಣ್ಣಿನಷ್ಟು ಹೊಟ್ಟೆಗೆ ಎಪ್ಪತ್ತೆರಡು ನೆಕ್ಕೆಂದರೆ ಮದುವೆ ಊಟ. ಕಾರಿನಲ್ಲಿ ಕೂತವನೇ ಸೀನಿದೆ. ಮತ್ತೆ ಸೀನಿದೆ. ಮೂರನೆಯದೂ ಬಂತು.

"ಮುಗೀತು," ಎಂದಳು ಸಾಪಿಯಾ. "ಇನ್ನು ಅಮ್ಮನ ಮನೇಲಿ ಏನು ಮಾಡ್ತೀರಿ?"

"ಬರೀ ಮುಟ್ತೀನಿ. ನೆಕ್ಕಲ್ಲ."

"ಅಮ್ಮ ನಿಮಗೋಸ್ಕರ ಪದರ ಕೇಕು ಮಾಡಿದ್ದಾಳೆ. ಉಪವಾಸದ ಬಾಯಲ್ಲಿ, ಓವನ್ ಮುಂದೆ ಇಡೀ ದಿನ ನಿಂತು, ಒಂದೊಂದೇ ಸೌಟು ಹುಯ್ದು ಇಪ್ಪತ್ತೆರಡು ಪದರ ಬೇಯಿಸಿದ್ದಾಳೆ. ಮುಟ್ಟಿ ಎದ್ದು ಬರ್ತೀರಾ?"

"ಮನೋಬಲ ಅಂದ್ರೆ ಅದೇ!"

ಅತ್ತೆಯ ಮನೆ ನಮ್ಮ ದಂಡಯಾತ್ರೆಯ ಕೊನೆಯ ನಿಲ್ದಾಣ. ಅಲ್ಲಿ ಒಳಗೆ ಹೋದವರು ಮೊದಲು ಅತ್ತೆಯ ಮುಂದೆ ಮಂಡಿಯೂರಿ, ಕೈಗೆ ಮುತ್ತಿಟ್ಟು, ಹೊರಗೆ ಕಂಡ ತಪ್ಪುಗಳಿಗೂ ಒಳಗೆ ಅಡಗಿದ ತಪ್ಪುಗಳಿಗೂ ಕ್ಷಮೆ ಕೇಳಬೇಕು. ಹಬ್ಬದ ನಿಜವಾದ ತಿರುಳು ಅದೇ. ನಾನು ಎಲುಬು ಕಟಕಟ ಎನಿಸುತ್ತ ಮಂಡಿಯೂರಿದೆ.

"ಹೊರಗಿನ ತಪ್ಪು, ಒಳಗಿನ ತಪ್ಪು, ಎಲ್ಲಾ ಕ್ಷಮಿಸಿ ಅತ್ತೆ."

ಒಳಗಿನ ತಪ್ಪು ಎನ್ನುವಾಗ ಆ ಬಾಳೆಹಣ್ಣು ಒಮ್ಮೆ ಮಿಸುಕಿತು.

"ಕ್ಷಮಿಸಿದ್ದೀನಿ ಮಗಾ, ಎಲ್ಲಾನೂ ಕ್ಷಮಿಸಿದ್ದೀನಿ. ನಿನ್ನನ್ನ ಹಡಗು ಅಂದಿದ್ದಕ್ಕೆ ನೀನೂ ನನ್ನ ಕ್ಷಮಿಸು," ಎಂದು ಅತ್ತೆ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತರು. ಅವರ ಕೈಗೆ ಮುತ್ತಿಡುವಾಗ ಅವರ ಉಂಗುರಕ್ಕೂ ದಾರ ಸುತ್ತಿದ್ದು ಕಂಡಿತು. ಎಪ್ಪತ್ತಮೂರು ವರ್ಷ, ವಯಸ್ಸಾದರೆ ಬೆರಳು ಸೊರಗುವುದು ಸಹಜ ಎಂದು ಸುಮ್ಮನಾದೆ. ನನ್ನ ಗೆಲುವಿನ ಗದ್ದಲದಲ್ಲಿ ಬೇರೆಯವರ ಬೆರಳು ನೋಡಲು ಪುರುಸೊತ್ತೆಲ್ಲಿತ್ತು? ಅಷ್ಟೇ ಅಲ್ಲ, ಅವರಿಗೂ ಉಪದೇಶ ಮಾಡಿದೆ!

"ಅತ್ತೆ, ನಾಲಿಗೆ ಒಂದನ್ನು ಗೆದ್ದರೆ ಮನುಷ್ಯ ಏನು ಬೇಕಾದ್ರೂ ಗೆಲ್ತಾನೆ. ಬಿಡುವು ಮಾಡ್ಕೊಂಡು ನಿಮಗೂ ಕಲಿಸ್ತೀನಿ."

"ಹೂಂ ಮಗಾ," ಎಂದರು ಅತ್ತೆ, ಶಾಲೆಯ ಹುಡುಗಿಯ ಹಾಗೆ.

ಆಮೇಲೆ ಕೇಕು ಬಂತು. ಕೆಂಪು, ಹಸಿರು, ಹಳದಿ ಪದರಗಳು ಗೆರೆ ಎಳೆದಂತೆ ಕೂತಿದ್ದವು. ಭೂಮಾಪನ ಕಚೇರಿಯಲ್ಲಿ ಮೂವತ್ತು ವರ್ಷ ನಕ್ಷೆ ಎಳೆದ ನನ್ನಿಂದಲೂ ಅಷ್ಟು ನೇರ ಗೆರೆ ಬರುವುದಿಲ್ಲ. ನಾನು ತೋರುಬೆರಳು ಮುಂದೆ ಮಾಡಿದೆ.

"ಮುಟ್ಟಬೇಡ ಮಗಾ, ತಿನ್ನು," ಎಂದರು ಅತ್ತೆ. "ಒಂದೇ ಒಂದು ತುಂಡು. ಬರೋ ರಾಯಾಕ್ಕೆ ಯಾರಿರ್ತಾರೋ ಯಾರಿರಲ್ವೋ."

ಹತ್ತೊಂಬತ್ತು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಪಾಪ, ಮುದುಕಿ ತನ್ನ ಸಾವಿನ ಮಾತಾಡುತ್ತಿದ್ದಾಳೆ ಎಂದುಕೊಂಡೆ. ಪ್ರತಿಜ್ಞೆ ಗಾಳಿಗೆ ಹೋಯಿತು. ಒಂದು ತುಂಡು ತಿಂದೆ. ಅಯ್ಯೋ, ಆ ಬೆಣ್ಣೆ! ಆ ಏಲಕ್ಕಿಯ ಪರಿಮಳ! ಏಳು ತಿಂಗಳ ಬರಗಾಲದ ನಾಲಿಗೆ ಕೇಳಬೇಕಲ್ಲ, ಎರಡನೇ ತುಂಡೂ ಹೋಯಿತು. ಗಂಟಲು ಕಟ್ಟಿದ್ದಕ್ಕೆ ಯಾರೋ ಕೈಗೆ ಗುಲಾಬಿ ಶರಬತ್ತು ಕೊಟ್ಟರು, ಅದನ್ನೂ ಗಟಗಟ ಕುಡಿದೆ. ಸಾಪಿಯಾ ದೂರದಿಂದ ಕೈ ಬೀಸುತ್ತಿದ್ದಳು. ಹುರಿದುಂಬಿಸುತ್ತಿದ್ದಾಳೆ ಎಂದುಕೊಂಡೆ.

ಹತ್ತು ನಿಮಿಷ ಕಳೆಯಿತು. ಎದೆ ಡವಡವ ಎನ್ನತೊಡಗಿತು. ಹಣೆಯಿಂದ ಬೆವರು ಧಾರೆಯಾಗಿ ಇಳಿಯಿತು. ಏಳಲು ಹೋದೆ, ಐದು ಪಿನ್ನುಗಳಲ್ಲಿ ಮೂರು ಕಳಚಿ ಜರಿ ಬಟ್ಟೆ ಕಾಲಿಗೆ ಸುತ್ತಿಕೊಂಡಿತು. ಮದುವೆಯ ದಿನ ಬಿದ್ದ ಹಾಗೆಯೇ ಮತ್ತೆ ಅದೇ ಸಭೆಯ ನಡುವೆ ದೊಪ್ಪನೆ ಬಿದ್ದೆ. ಈ ಸಲ ಸದ್ದು ಸ್ವಲ್ಪ ಕಡಿಮೆ.

"ಯಾ ಅಲ್ಲಾ! ಬಂತು, ಆ ಗಳಿಗೆ ಬಂತು!" ಎಂದು ಅತ್ತೆ ಚೀರಿದರು.

ಯಾವ ಗಳಿಗೆ? ನನಗೆ ಕಣ್ಣು ಕತ್ತಲಿಟ್ಟಿತ್ತು. ಯಾರೋ ತಲೆಯನ್ನು ಪಶ್ಚಿಮಕ್ಕೆ ತಿರುಗಿಸಿದರು. ದಂಡಿನ ಜೊತೆ ಬಂದಿದ್ದ ಚಿಕ್ಕಪ್ಪ ಕುರಾನಿನ ಯಾಸೀನ್ ಅಧ್ಯಾಯ ಓದತೊಡಗಿದರು, ಹೆಂಗಸರು ದನಿಗೂಡಿಸಿದರು. ಅತ್ತೆ ತುಟಿಗೆ ನೀರು ಹಚ್ಚಿ, ಕಿವಿಗೆ ಬಾಯಿಟ್ಟು, ಸಾಯುವವರಿಗೆ ಹೇಳಿಕೊಡುವ ಕಲಿಮಾವನ್ನು ಹೇಳಿಕೊಡತೊಡಗಿದರು. ಮೊರ್ಶಿದಿ ನನ್ನ ಕಾಲು ಹಿಡಿದು ಗೊಳೋ ಎಂದು ಅಳುತ್ತಿದ್ದ. "ಬಾವ, ಎಂಜಿನ್ ನನಗೆ ಬೇಡ ಬಾವ! ನೀವೇ ಇಟ್ಕೊಳ್ಳಿ!"

"ನಾನು... ಸಾಯ್ತಿಲ್ಲ," ಎಂದೆ ಕಷ್ಟಪಟ್ಟು. "ಕೇಕು... ಜಾಸ್ತಿ ಆಯ್ತು."

"ಕೊನೆ ಗಳಿಗೇಲೂ ನಮ್ಮನ್ನ ನಗಿಸೋಕೆ ನೋಡ್ತಾನಲ್ಲಪ್ಪಾ!" ಎಂದು ಚಿಕ್ಕಪ್ಪ ಬಿಕ್ಕಿದರು.

ಸಾಪಿಯಾ ಜನರನ್ನು ತಳ್ಳಿಕೊಂಡು ಬಂದಳು. "ನಿಲ್ಲಿಸಿ! ಇವರು ಸಾಯೋದೂ ಇಲ್ಲ, ಏನೂ ಇಲ್ಲ! ಏಳು ತಿಂಗಳ ಹಿಂದೆ ಆಸ್ಪತ್ರೇಲಿ ಇವರ ಹೊಟ್ಟೆ ಕತ್ತರಿಸಿ ತೆಗೆದಿದ್ದಾರೆ!"

ಆಮೇಲೆ ಅಳು ಎರಡು ಪಟ್ಟಾಯಿತು.

"ಹೊಟ್ಟೇನೇ ತೆಗೆದ್ರಾ? ಅಷ್ಟೊಂದು ಹಬ್ಬಿಬಿಟ್ಟಿತ್ತಾ?" ಎಂದ ಮೊರ್ಶಿದಿ.

"ಏನು ಹಬ್ಬಿತ್ತು?"

"ಕ್ಯಾನ್ಸರ್ ಅಕ್ಕಾ!"

"ಯಾವ ಕ್ಯಾನ್ಸರೋ? ಇವರಿಗಿದ್ದದ್ದು ಹೊಟ್ಟೆಬಾಕತನ! ತೂಕ ಇಳಿಸೋ ಆಪರೇಷನ್ ಮಾಡಿಸ್ಕೊಂಡು, ನಾಚಿಕೆಗೆ ಊರಿಗೆಲ್ಲ ಮನೋಬಲ ಅಂತ ಡಂಗುರ ಹೊಡೆದಿದ್ದಾರೆ!"

ಯಾಸೀನ್ ನಿಂತಿತು. ಮೊರ್ಶಿದಿ ನನ್ನ ಕಾಲು ಬಿಟ್ಟ.

"ಅಂದ್ರೆ... ಸಾಯಲ್ವಾ?"

"ಇಲ್ಲ ಕಣೋ," ಎಂದೆ. ಅಷ್ಟರಲ್ಲಿ ಎದೆ ಬಡಿತ ಇಳಿದು ನನಗೆ ಸಿಟ್ಟು ಏರಿತ್ತು. "ಯಾರು ಹೇಳಿದ್ರು ನಾನು ಸಾಯ್ತೀನಿ ಅಂತ? ಮನಸ್ಸು ಮಾಡಿ ಇಳಿಸಿದೆ ಅಂತ ಬಾಯಿಬಿಟ್ಟು ಹೇಳ್ತಾನೇ ಇದ್ದೆನಲ್ಲ! ಒಬ್ಬರೂ ನಂಬಲಿಲ್ವಾ?"

"ಬಾವ, ಇಪ್ಪತ್ತಾರು ವರ್ಷ ನಿಮ್ಮ ಜೊತೆ ಕೂತು ಉಂಡಿದ್ದೀವಿ," ಎಂದ ಮೊರ್ಶಿದಿ, ಮೂಗು ಒರೆಸಿಕೊಳ್ಳುತ್ತ. "ನಲವತ್ತು ಕಿಲೋ ಹೋಯ್ತು, ಕೂದಲು ಉದುರ್ತು, ಸೆಕೇಲಿ ಸ್ವೆಟರ್ ಹಾಕ್ಕೊಂಡು ನಡುಗ್ತೀರಿ. ನಿಮಗೆ ಮನೋಬಲ ಬಂತು ಅಂತ ನಂಬೋದಾ, ಕ್ಯಾನ್ಸರ್ ಬಂತು ಅಂತ ನಂಬೋದಾ? ನೀವೇ ಹೇಳಿ!"

ಹತ್ತೊಂಬತ್ತು ತಲೆಗಳೂ ಒಟ್ಟಿಗೆ ಅಲ್ಲಾಡಿದವು. ಬಿಟ್ಟುಕೊಟ್ಟ ಸೋಫಾ, ಬೆನ್ನಿಗೆ ಕೊಟ್ಟ ದಿಂಬು, ಲಿಫ್ಟಿನ ಪಕ್ಕದ ಮೇಜು, ಒಂದೊಂದೇ ನನ್ನ ಕಣ್ಣ ಮುಂದೆ ಬಂದು ಹಲ್ಲು ಕಿರಿದವು. ಊರಿಗೆ ಊರೇ ನನ್ನ ಸಾಧನೆಯನ್ನು ಗೌರವಿಸಲಿಲ್ಲ, ನನ್ನ ಹೆಣವನ್ನು ಮುಂಗಡವಾಗಿ ಗೌರವಿಸಿತ್ತು!

"ಓಹೋ, ಅದಕ್ಕೇನಾ!" ಎಂದಳು ಸಾಪಿಯಾ. "ಆರು ತಿಂಗಳಿಂದ ಸಿಕ್ಕವರೆಲ್ಲ ನನ್ನ ಕೈ ಹಿಡ್ಕೊಂಡು 'ಸಹಿಸ್ಕೋಮ್ಮ, ಎಲ್ಲಾ ಹಣೆಬರಹ' ಅಂತಿದ್ರು. ನಿಮ್ಮನ್ನ ಕಟ್ಕೊಂಡಿದ್ದಕ್ಕೆ ಹೇಳ್ತಿದ್ದಾರೆ ಅಂತ ತಿಳ್ಕೊಂಡು ನಾನೂ ಹೂಂ ಅಂತಿದ್ದೆ!"

ನಗು ಒಡೆಯಿತು. ಚಿಕ್ಕಪ್ಪ ನಕ್ಕರು, ಹೆಂಗಸರು ತಲೆವಸ್ತ್ರದ ಅಂಚು ಬಾಯಿಗೆ ಒತ್ತಿ ನಕ್ಕರು. ಮೊರ್ಶಿದಿ ಎಷ್ಟು ನಕ್ಕನೆಂದರೆ ಅವನಿಗೂ ಕುಡಿಯಲು ನೀರು ತರಬೇಕಾಯಿತು. ನಗದೆ ಉಳಿದವರು ಅತ್ತೆ ಒಬ್ಬರೇ. ಅವರು ಮೂಲೆಯ ಚಾಪೆಯ ಮೇಲೆ ಕೈ ಚೆಲ್ಲಿ ಕೂತು ಗೋಡೆ ನೋಡುತ್ತಿದ್ದರು. ಸಾಪಿಯಾ ಹೋಗಿ ತಬ್ಬಿಕೊಂಡಳು. ತಬ್ಬಿಕೊಂಡವಳು ಬೆಚ್ಚಿ ಹಿಂದೆ ಸರಿದಳು.

"ಅಮ್ಮಾ, ಇದೇನಿದು? ಬರೀ ಎಲುಬು ಕೈಗೆ ಸಿಗ್ತಿದೆ!"

ಮೊರ್ಶಿದಿಯ ನಗು ತಟ್ಟನೆ ನಿಂತಿತು.

"ಅಮ್ಮ ಹರಕೆ ಹೊತ್ತಿದ್ದಳು ಅಕ್ಕಾ," ಎಂದ ಮೆಲ್ಲಗೆ. "ನಿನಗೆ ಹೇಳಬೇಡ ಅಂದಿದ್ದಳು. ಆರು ತಿಂಗಳಿಂದ ಪ್ರತಿ ಸೋಮವಾರ, ಗುರುವಾರ ಉಪವಾಸ. ಉಳಿದ ದಿನ ಒಂದೇ ಹೊತ್ತು ಅನ್ನ. ಸಿಹಿ ಅಂತೂ ನಾಲಿಗೆಗೆ ತಾಗಿಸಿಲ್ಲ. ಬಾವ ಈ ರಾಯಾದವರೆಗೆ ಬದುಕಿರಬೇಕು, ಇಲ್ಲಿ ಬಂದು ಕೂತು ತನ್ನ ಕೈ ಕೇಕು ತಿನ್ನಬೇಕು, ಅಲ್ಲಿವರೆಗೂ ತಾನೂ ತಿನ್ನಲ್ಲ ಅಂತ. ಕ್ಲಿನಿಕ್ಕಲ್ಲಿ ತೂಗಿದ್ರು. ಹದಿಮೂರು ಕಿಲೋ ಇಳಿದಿದ್ದಾಳೆ."

ಹದಿಮೂರು ಕಿಲೋ! ಆಸ್ಪತ್ರೆ ಇಲ್ಲ, ಪಿನ್ನು ಇಲ್ಲ, ಕಡ್ಡಿಯಂಥ ಆಹಾರತಜ್ಞೆ ಇಲ್ಲ. ಒಂದು ದಿನವೂ ಯಾರ ಮುಂದೆಯೂ ಒಂದು ಮಾತು ಆಡದೆ, ಎಪ್ಪತ್ತಮೂರು ವರ್ಷದ ಮುದುಕಿ, ನನಗೋಸ್ಕರ. ಅಂಥವರಿಗೆ ನಾನು ನಾಲಿಗೆ ಗೆಲ್ಲುವುದನ್ನು ಕಲಿಸಲು ಹೊರಟಿದ್ದೆ! ನೆಲ ಬಾಯಿ ಬಿಟ್ಟಿದ್ದರೆ ಆ ಅಂಗಿ ಸಮೇತ ಇಳಿದುಬಿಡುತ್ತಿದ್ದೆ. ನಾಚಿಕೆ, ದುಃಖ, ಪ್ರೀತಿ ಎಲ್ಲ ಒಟ್ಟಿಗೆ ನುಗ್ಗಿ ಬಂದವು, ಬಾಳೆಹಣ್ಣಿನ ಹೊಟ್ಟೆಯಲ್ಲಿ ಅವಕ್ಕೂ ಜಾಗವಿರಲಿಲ್ಲ.

ಉಳಿದೆರಡು ಪಿನ್ನುಗಳನ್ನು ಕೈಯಲ್ಲಿ ಹಿಡಿದು ಮಂಡಿಯ ಮೇಲೇ ತೆವಳಿಕೊಂಡು ಹೋದೆ. ಅವರ ಕೈ ಹಿಡಿದೆ. ದಾರ ಸುತ್ತಿದ ಉಂಗುರದ ಪಕ್ಕದಲ್ಲಿ ದಾರ ಸುತ್ತಿದ ಉಂಗುರ.

"ಅತ್ತೆ, ಹೊರಗಿನ ತಪ್ಪು, ಒಳಗಿನ ತಪ್ಪು..."

"ಆಗಲೇ ಕ್ಷಮಿಸಿದ್ದು ಸಾಯೋನನ್ನ," ಎಂದರು ಅತ್ತೆ, ಗೋಡೆಯಿಂದ ಕಣ್ಣು ತೆಗೆಯದೆ. "ಬದುಕಿರೋನ ವಿಚಾರ ಆಮೇಲೆ ನೋಡೋಣ. ಮೊದಲು ಆ ತಟ್ಟೆ ಇತ್ತ ತಾ."

ಕೇಕಿನ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮುಂದಿಟ್ಟೆ. ಅತ್ತೆ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಮೂವತ್ತು ಸಲ ಅಗಿಯಲಿಲ್ಲ. ಎರಡನೆಯದು ತೆಗೆದುಕೊಂಡರು, ಮೂರನೆಯದೂ ತೆಗೆದುಕೊಂಡರು. ಹತ್ತೊಂಬತ್ತು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಅವರ ಕೆನ್ನೆಗೆ ಬಣ್ಣ ಬಂತು, ಕಣ್ಣಿಗೆ ಹಳೆಯ ಕಿಡಿ ಬಂತು. ನನಗೂ ಧೈರ್ಯ ಬಂದು, ಅಭ್ಯಾಸಬಲದಿಂದ, ಕೈ ಮೆಲ್ಲಗೆ ತಟ್ಟೆಯ ಕಡೆ ಹೋಯಿತು.

ಅತ್ತೆ ಆ ಕೈಗೆ ಫಟ್ಟನೆ ಒಂದು ಕೊಟ್ಟರು.

"ನೀನು ಬೆರಳು ಮುಟ್ಟಿಸು ಸಾಕು, ಹಡಗೇ!"